ಬಿಗಿದು ಬಿಡುವ ವಿದ್ಯೆ

ಎರಡನೇ ಮಹಾಯುದ್ಧದ ಕಾಲದ ಅಮೆರಿಕದಲ್ಲಿ ಹೆನ್ರಿ ಕೈಸರ್ ಎಂಬುದು ಮನೆಮಾತಾಗಿದ್ದ ಹೆಸರು. ಹೂವರ್ ಅಣೆಕಟ್ಟು ಕಟ್ಟಿದ ಗುತ್ತಿಗೆದಾರರ ಕೂಟದಲ್ಲಿ ಒಬ್ಬರಾಗಿದ್ದ ಅವರು ಯುದ್ಧ ಬಂದಾಗ ಹಡಗು ಕಟ್ಟುವುದಕ್ಕೆ ಇಳಿದರು. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನ ಅವರ ಹಡಗುಕಟ್ಟೆಯಲ್ಲಿ 1942ರ ನವೆಂಬರಿನಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬ ಸರಕು ಹಡಗು ಕೆಲಸ ಶುರುವಾಗಿ ಐದು ದಿನ ತುಂಬುವುದರೊಳಗೆ ನೀರಿಗಿಳಿಯಿತು. ಹಣ, ಆಳು, ಹಟ ಮೂರೂ ಇದ್ದರೆ ಆಗದ ಕೆಲಸವಿಲ್ಲ ಎಂದು ನಂಬಿದ್ದ ಮನುಷ್ಯ ಅವರು. 1944ರಲ್ಲಿ ಅವರ ಮಗ ಹೆನ್ರಿ ಜೂನಿಯರ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಎಂದು ಡಾಕ್ಟರುಗಳು ಹೇಳಿದರು. ಮಗನಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ನರಗಳ ಹೊದಿಕೆ ಸವೆದು, ಕೈಕಾಲು ಒಂದೊಂದಾಗಿ ಮಾತು ಕೇಳದಂತಾಗುವ ಈ ಕಾಯಿಲೆಗೆ ಮದ್ದಿಲ್ಲ, ಇದ್ದಷ್ಟು ದಿನ ಆರಾಮವಾಗಿರಲಿ ಎನ್ನುವುದೇ ಅಂದಿನ ವೈದ್ಯರ ಸಲಹೆಯಾಗಿತ್ತು. ಕೈಸರ್ ಕುಟುಂಬ ಅದನ್ನು ಒಪ್ಪಲಿಲ್ಲ. ಹುಡುಕಾಟ ಅವರನ್ನು ವಾಷಿಂಗ್ಟನ್‌ನಲ್ಲಿದ್ದ ಹರ್ಮನ್ ಕ್ಯಾಬಟ್ ಎಂಬ ವೈದ್ಯರ ಬಳಿಗೆ ಕರೆತಂದಿತು.

ಇಂದು ಜಿಮ್ಮಿನಲ್ಲಿ, ಕ್ರಿಕೆಟ್ ಮೈದಾನದ ಅಂಚಿನಲ್ಲಿ, ಫಿಸಿಯೋಥೆರಪಿಯ ಕೋಣೆಯಲ್ಲಿ ‘ಪಿಎನ್‌ಎಫ್ ಸ್ಟ್ರೆಚಿಂಗ್’ ಎಂದು ಕರೆಯುವ ಪದ್ಧತಿ ಹುಟ್ಟಿದ್ದು ಈ ಭೇಟಿಯಿಂದ. ಸ್ನಾಯುವನ್ನು ಎಳೆಯುವ ಮೊದಲು ಅದನ್ನೇ ಒಮ್ಮೆ ಬಿಗಿಗೊಳಿಸಿ, ಸಡಿಲ ಬಿಟ್ಟು, ಆಮೇಲೆ ಮುಂದಕ್ಕೆ ಎಳೆಯುವ ಉಪಾಯ ಅದು. ಆದರೆ ಅದನ್ನು ಕಟ್ಟಿದವರ ಕಣ್ಣಮುಂದೆ ಆಟಗಾರರಾಗಲಿ, ಮೈ ಬಗ್ಗಿಸಬೇಕೆಂಬ ಆರೋಗ್ಯವಂತರಾಗಲಿ ಇರಲಿಲ್ಲ. ಕೈ ಎತ್ತಲಾಗದವರು, ಎದ್ದು ಕೂರಲಾಗದವರು ಇದ್ದರು.

ಕ್ಯಾಬಟ್ ಡಾಕ್ಟರ್ ಆಗಿದ್ದರೂ ಅವರ ಮನಸ್ಸು ಇದ್ದದ್ದು ಪ್ರಯೋಗಶಾಲೆಯಲ್ಲಿ. 1930ರ ದಶಕದಲ್ಲಿ ಪ್ರಸಿದ್ಧ ನರವಿಜ್ಞಾನಿ ಸ್ಟೀಫನ್ ರ‍್ಯಾನ್ಸನ್ ಮತ್ತು ಹೊರೇಸ್ ಮ್ಯಾಗೂನ್ ಅವರ ಜೊತೆ ಸೇರಿ, ಪ್ರಾಣಿಗಳ ಮಿದುಳಿನ ಒಳಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಏನಾಗುತ್ತದೆಂದು ನೋಡಿದವರು. 1943ರಲ್ಲಿ ಅವರ ಹೆಸರು ಇನ್ನೊಂದು ಪ್ರಬಂಧದಲ್ಲೂ ಬಂತು. ಮನುಷ್ಯರ ಕುತ್ತಿಗೆಗೆ ಗಾಳಿ ತುಂಬುವ ಪಟ್ಟಿ ಬಿಗಿದು, ಮಿದುಳಿಗೆ ಹೋಗುವ ರಕ್ತವನ್ನು ಕ್ಷಣಕಾಲ ತಡೆದು, ಪ್ರಜ್ಞೆ ತಪ್ಪುವುದನ್ನು ಅಳೆದ ಅಧ್ಯಯನ ಅದು. ಇವತ್ತಿನ ಯಾವ ನೈತಿಕ ಸಮಿತಿಯೂ ಅದಕ್ಕೆ ಸಹಿ ಹಾಕಲಾರದು. ಆದರೂ ವ್ಯಕ್ತಿಯ ಸ್ವಭಾವ ಅಲ್ಲಿ ಕಾಣುತ್ತದೆ. ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅವರು ಎಲ್ಲಿಯವರೆಗೂ ಹೋಗಬಲ್ಲವರಾಗಿದ್ದರು.

ಮಿನೆಸೋಟದಲ್ಲಿದ್ದಾಗ ಕ್ಯಾಬಟ್ ಮೇಲೆ ಒಬ್ಬ ನರ್ಸ್ ಬೀರಿದ ಪ್ರಭಾವ ದೊಡ್ಡದು. ಆಸ್ಟ್ರೇಲಿಯಾದ ಹಳ್ಳಿಗಾಡಿನಿಂದ 1940ರಲ್ಲಿ ಅಮೆರಿಕಕ್ಕೆ ಬಂದ ಎಲಿಜಬೆತ್ ಕೆನ್ನಿ, ಜನರ ಬಾಯಲ್ಲಿ ‘ಸಿಸ್ಟರ್ ಕೆನ್ನಿ’. ಪೋಲಿಯೊ ತಗುಲಿದ ಮಗುವಿನ ಕಾಲನ್ನು ಪಟ್ಟಿ ಕಟ್ಟಿ, ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಅಲುಗದಂತೆ ಇಡುವುದು ಆಗಿನ ವೈದ್ಯಕೀಯ ಕ್ರಮ. ಕೆನ್ನಿ ಪಟ್ಟಿಗಳನ್ನು ಬಿಚ್ಚಿಸಿದರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆಬಟ್ಟೆಯನ್ನು ಸ್ನಾಯುಗಳಿಗೆ ಸುತ್ತಿ ಸೆಳೆತ ಇಳಿಸಿ, ಆಮೇಲೆ ಮಗುವಿನ ಗಮನವನ್ನು ಒಂದೊಂದೇ ಸ್ನಾಯುವಿನ ಕಡೆ ತಿರುಗಿಸಿ ಕದಲಿಸುವುದನ್ನು ಮತ್ತೆ ಕಲಿಸುತ್ತಿದ್ದರು. ಆಕೆ ಕೊಡುತ್ತಿದ್ದ ಕಾರಣಗಳನ್ನು ವೈದ್ಯರು ಗೇಲಿ ಮಾಡಿದರು. ಆಕೆಯ ಮಾತು ಒರಟಾಗಿತ್ತು, ಜಗಳ ಬೇಗ ಬರುತ್ತಿತ್ತು. ಆದರೆ ಮಕ್ಕಳ ಕಾಲು ಅಷ್ಟು ಸೊಟ್ಟಗಾಗುತ್ತಿರಲಿಲ್ಲ, ನೋವು ಕಡಿಮೆಯಾಗುತ್ತಿತ್ತು. 1942ರ ಕೊನೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಆಕೆಯ ಹೆಸರಿನ ಸಂಸ್ಥೆಯೇ ಬಾಗಿಲು ತೆರೆಯಿತು. ಕ್ಯಾಬಟ್ ಆ ಊರಿನಲ್ಲಿ ಕೆಲಸ ಮಾಡುತ್ತ, ಮಿಲ್ಯಾಂಡ್ ನ್ಯಾಪ್ ಜೊತೆಗೂಡಿ ಪೋಲಿಯೊಗೆ ಪ್ರಾಸ್ಟಿಗ್ಮಿನ್ ಔಷಧ ಕೊಟ್ಟು ನೋಡಿದ ಫಲವನ್ನು 1943ರಲ್ಲಿ ಪ್ರಕಟಿಸಿದರು. ಕೆನ್ನಿಯ ಕೈಚಳಕ ಅವರಿಗೆ ಹಿಡಿಸಿತು, ಆದರೆ ಅದಕ್ಕೆ ವಿಜ್ಞಾನದ ತಳಪಾಯ ಇಲ್ಲವೆಂಬ ಕೊರಗು ಉಳಿಯಿತು. ಆಕೆ ಒಂದೊಂದೇ ಸ್ನಾಯುವನ್ನು ಬೇರೆಯಾಗಿ ಕರೆದು ಎಬ್ಬಿಸುತ್ತಿದ್ದರು. ನರಮಂಡಲ ಹಾಗೆ ಬಿಡಿಬಿಡಿಯಾಗಿ ಯೋಚಿಸುವುದಿಲ್ಲ ಎಂದು ಕ್ಯಾಬಟ್‌ಗೆ ಗೊತ್ತಿತ್ತು.

ಗೊತ್ತಿದ್ದದ್ದು ಚಾರ್ಲ್ಸ್ ಷೆರಿಂಗ್ಟನ್ ಅವರ ಬರಹಗಳಿಂದ. ಇಂಗ್ಲೆಂಡಿನ ಈ ಶರೀರಕ್ರಿಯಾ ವಿಜ್ಞಾನಿ ಯೇಲ್‌ನಲ್ಲಿ ಕೊಟ್ಟ ಉಪನ್ಯಾಸಗಳು 1906ರಲ್ಲಿ ‘ದಿ ಇಂಟಿಗ್ರೇಟಿವ್ ಆ್ಯಕ್ಷನ್ ಆಫ್ ದಿ ನರ್ವಸ್ ಸಿಸ್ಟಮ್’ ಎಂಬ ಪುಸ್ತಕವಾಗಿ ಬಂದಿದ್ದವು. 1932ರಲ್ಲಿ ಅವರಿಗೆ ಎಡ್ಗರ್ ಏಡ್ರಿಯನ್ ಜೊತೆ ನೊಬೆಲ್ ಸಂದಿತ್ತು. ಬೆಕ್ಕು, ನಾಯಿ, ಮಂಗಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಷೆರಿಂಗ್ಟನ್ ಕಂಡುಕೊಂಡ ಮೂರು ಸಂಗತಿಗಳು ಕ್ಯಾಬಟ್‌ಗೆ ಬೇಕಾದವು. ಕೀಲಿನ ಒಂದು ಬದಿಯ ಸ್ನಾಯು ಬಿಗಿದಾಗ ಎದುರಿನ ಸ್ನಾಯುವಿಗೆ ಸುಮ್ಮನಿರು ಎಂಬ ಆದೇಶ ತಾನಾಗಿ ಹೋಗುತ್ತದೆ. ಒಂದು ದಿಕ್ಕಿನ ಚಲನೆ ಮುಗಿದ ಕೂಡಲೇ ಎದುರು ದಿಕ್ಕಿನ ಚಲನೆಗೆ ಕಸುವು ಹೆಚ್ಚು. ಪ್ರಚೋದನೆ ಬಲವಾದಷ್ಟೂ ಅದು ಒಂದು ಸ್ನಾಯುವಿನಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೂ ಹರಡುತ್ತದೆ. ಈ ಕೊನೆಯದು ಕ್ಯಾಬಟ್ ಕೈಗೆ ಸಿಕ್ಕ ಬೀಗದ ಕೈ. ರೋಗಿಯ ಹೆಗಲು ಚೆನ್ನಾಗಿದ್ದು ಮಣಿಕಟ್ಟು ಸೋತಿದ್ದರೆ, ಹೆಗಲಿನ ಮೇಲೆ ಭಾರ ಹಾಕಬೇಕು. ಅಲ್ಲಿನ ಶ್ರಮ ಉಕ್ಕಿ ಮಣಿಕಟ್ಟಿನವರೆಗೂ ಹರಿಯುತ್ತದೆ.

ಹೆನ್ರಿ ಜೂನಿಯರ್‌ಗೆ ಚಿಕಿತ್ಸೆಯ ನಂತರ ಚೇತರಿಕೆ ಕಂಡಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ತಾನಾಗಿಯೇ ಏರಿ ಇಳಿಯುವ ಕಾಯಿಲೆ, ಹಾಗಾಗಿ ಆ ಚೇತರಿಕೆಯಲ್ಲಿ ವ್ಯಾಯಾಮದ ಪಾಲೆಷ್ಟು, ಕಾಯಿಲೆಯ ಸ್ವಭಾವದ ಪಾಲೆಷ್ಟು ಎಂದು ಬೇರ್ಪಡಿಸುವುದು ಅಂದಿಗೂ ಸಾಧ್ಯವಿರಲಿಲ್ಲ, ಇಂದಿಗೂ ಇಲ್ಲ. ಮಗನ ತಂದೆಗೆ ಆ ಲೆಕ್ಕಾಚಾರ ಬೇಕಿರಲಿಲ್ಲ. 1946ರಲ್ಲಿ ಕೈಸರ್ ಅವರ ಹಣದಿಂದ ವಾಷಿಂಗ್ಟನ್‌ನಲ್ಲಿ ಕ್ಯಾಬಟ್-ಕೈಸರ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಸ್ವಲ್ಪದರಲ್ಲೇ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಉತ್ತರಕ್ಕೆ, ನೌಕಾಪಡೆಯ ಮೇರ್ ಐಲೆಂಡ್ ಹಡಗುಕಟ್ಟೆಯ ಎದುರಿಗಿದ್ದ ವಲೇಹೊ ಪಟ್ಟಣದಲ್ಲಿ ಇನ್ನೊಂದು ತೆರೆಯಿತು, ಸಾಂಟಾ ಮೋನಿಕಾದ ಕಡಲತೀರದಲ್ಲಿ ಮತ್ತೊಂದು. ಇತಿಹಾಸದಲ್ಲಿ ಉಳಿದದ್ದು ವಲೇಹೊ.

ಉಳಿಯಲು ಕಾರಣ ಕ್ಯಾಬಟ್ ಒಬ್ಬರೇ ಅಲ್ಲ. ವಾಷಿಂಗ್ಟನ್‌ನಲ್ಲೇ ಅವರ ಜೊತೆ ಸೇರಿ ಆಮೇಲೆ ಪಶ್ಚಿಮಕ್ಕೆ ಬಂದ ಮಾರ್ಗರೆಟ್ ನಾಟ್ ಎಂಬ ಫಿಸಿಯೋಥೆರಪಿಸ್ಟ್ ಇಲ್ಲದಿದ್ದರೆ, ಷೆರಿಂಗ್ಟನ್‌ನ ಬೆಕ್ಕುಗಳಿಂದ ರೋಗಿಯ ಬೆನ್ನಿನವರೆಗಿನ ದಾರಿ ಕಾಗದದ ಮೇಲೇ ಉಳಿಯುತ್ತಿತ್ತು. ಎಲ್ಲರಿಗೂ ಆಕೆ ‘ಮ್ಯಾಗಿ’. ಕ್ಯಾಬಟ್ ಒಂದು ತತ್ತ್ವ ಹೇಳುವುದು, ನಾಟ್ ಅದನ್ನು ರೋಗಿಯ ಮೈಮೇಲೆ ಮಾಡಿ ನೋಡುವುದು, ಹಿಡಿತ ಬದಲಿಸುವುದು, ಮತ್ತೆ ಮಾಡುವುದು. ಹೀಗೆ ಕೆಲವು ವರ್ಷ ನಡೆಯಿತು. ಅಖಾಡದಂತೆ ಚಾಪೆ ಹಾಸಿದ ದೊಡ್ಡ ಕೋಣೆ, ಗೋಡೆಗೆ ಬಿಗಿದ ರಾಟೆ ಹಗ್ಗಗಳು, ಚಾಪೆಯ ಮೇಲೆ ಹೊರಳುತ್ತ, ತೆವಳುತ್ತ, ಮಂಡಿಯೂರುತ್ತ ಬೆವರು ಸುರಿಸುವ ರೋಗಿಗಳು.

ಆ ಕೋಣೆಯಲ್ಲಿ ಅವರು ಗಮನಿಸಿದ ಮುಖ್ಯ ಸಂಗತಿ ಹೀಗಿದೆ. ಮನುಷ್ಯ ಕೆಲಸ ಮಾಡುವಾಗ ಕೈಕಾಲು ನೇರ ಗೆರೆಯಲ್ಲಿ ಮೇಲೆ ಕೆಳಗೆ ಹೋಗುವುದಿಲ್ಲ, ಅಡ್ಡಡ್ಡವಾಗಿ, ತಿರುಚಿಕೊಂಡು ಹೋಗುತ್ತದೆ. ಎದುರು ಸೊಂಟದಿಂದ ಕೈ ಹೊರಟು, ಮುಂಗೈ ಹೊರಳುತ್ತ, ಮೈಗೆ ಅಡ್ಡಲಾಗಿ ಹಾದು ತಲೆಯ ಆಚೆ ಬದಿಗೆ ಏರುತ್ತದೆ, ಒರೆಯಿಂದ ಕತ್ತಿ ಹಿರಿದ ಹಾಗೆ. ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಈ ಕರ್ಣರೇಖೆಯ ಚಲನೆಗಳನ್ನು ಕೈ, ಕಾಲು, ಕುತ್ತಿಗೆ, ಮುಂಡ ಎಲ್ಲಕ್ಕೂ ಗುರುತಿಸಿ ಅವರು ಒಂದು ಪಟ್ಟಿ ಮಾಡಿದರು. ಆ ದಾರಿಯುದ್ದಕ್ಕೂ ಚಿಕಿತ್ಸಕ ತನ್ನ ಕೈಯಿಂದಲೇ ತಡೆ ಒಡ್ಡಬೇಕು. ಎಲ್ಲಿ ಹಿಡಿಯಬೇಕು, ಯಾವಾಗ ಸ್ನಾಯುವನ್ನು ಚುರುಕಾಗಿ ಜಗ್ಗಿ ಎಚ್ಚರಿಸಬೇಕು, ಯಾವ ದನಿಯಲ್ಲಿ ಆಜ್ಞೆ ಕೊಡಬೇಕು ಎಂಬುದೆಲ್ಲ ವಿಧಿಯೊಳಗೆ ಸೇರಿತ್ತು. ಬಲ ಬೇಕಾದಾಗ ದನಿ ಏರಬೇಕು, ಸಡಿಲ ಬೇಕಾದಾಗ ಇಳಿಯಬೇಕು. ನಮ್ಮ ಊರಿನ ಕ್ಲಿನಿಕ್ಕುಗಳಲ್ಲಿ ಇಂದಿಗೂ ಕೇಳುವ ‘ತಳ್ಳಿ, ತಳ್ಳಿ, ಹಾಗೇ ಹಿಡೀರಿ... ಈಗ ಬಿಡಿ’ ಎಂಬ ಏರಿಳಿತ ಅಲ್ಲಿಂದ ಬಂದ ಬಳುವಳಿ.

ಅವರು ಕಟ್ಟಿದ ತಂತ್ರಗಳಲ್ಲಿ ಹೆಚ್ಚಿನವು ಸೋತ ಸ್ನಾಯುವನ್ನು ಎಬ್ಬಿಸುವುದಕ್ಕೆ. ಒಂದೇ ದಿಕ್ಕಿಗೆ ಮತ್ತೆಮತ್ತೆ ಬಿಗಿಸುವುದು, ನಿಧಾನವಾಗಿ ದಿಕ್ಕು ಬದಲಿಸುತ್ತ ಹೋಗುವುದು, ಕೀಲು ಕದಲದಂತೆ ಎರಡೂ ಬದಿಯಿಂದ ತಡೆದು ನಿಲ್ಲಿಸುವುದು. ಕೀಲು ಬಿಗಿದುಕೊಂಡಿದ್ದಾಗ ಅಥವಾ ನೋವಿದ್ದಾಗ ದಾರಿ ಬಿಡಿಸಿಕೊಳ್ಳಲೆಂದು ಇದ್ದವು ‘ಹೋಲ್ಡ್-ರಿಲ್ಯಾಕ್ಸ್’ ಮತ್ತು ‘ಕಾಂಟ್ರ್ಯಾಕ್ಟ್-ರಿಲ್ಯಾಕ್ಸ್’. ಮೊದಲನೆಯದರಲ್ಲಿ ಕೀಲು ಅಲುಗದಂತೆ ಬಿಗಿದು ಬಿಡುವುದು, ಎರಡನೆಯದರಲ್ಲಿ ತಿರುಚುವ ಚಲನೆಗೆ ಎಡೆಗೊಟ್ಟು ಬಿಗಿಸಿ ಬಿಡುವುದು. ದೊಡ್ಡ ಮನೆಯ ಸಣ್ಣ ಕೋಣೆಗಳು ಇವು. ಲೋಕಪ್ರಸಿದ್ಧವಾದದ್ದು ಮಾತ್ರ ಇವೇ.

ವಲೇಹೊಗೆ ಬಂದ ರೋಗಿಗಳಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವವರು ಕಲ್ಲಿದ್ದಲ ಗಣಿಯವರು. 1946ರ ಮುಷ್ಕರದ ನಂತರ ಜಾನ್ ಎಲ್. ಲೂಯಿಸ್ ನಾಯಕತ್ವದ ಗಣಿಕಾರ್ಮಿಕರ ಸಂಘ ಒಂದು ಕಲ್ಯಾಣ ನಿಧಿಯನ್ನು ಗೆದ್ದುಕೊಂಡಿತ್ತು. ಅಗೆದ ಪ್ರತಿ ಟನ್ ಕಲ್ಲಿದ್ದಲಿಗೆ 5 ಸೆಂಟ್ ಅದಕ್ಕೆ ಸೇರಬೇಕು ಎಂಬ ಕರಾರು. ನಿಧಿಯವರು ಅಪಲೇಷಿಯಾ ಬೆಟ್ಟಗಳ ಕಣಿವೆ ಮನೆಗಳಲ್ಲಿ ಹುಡುಕಿದಾಗ ಸಿಕ್ಕವರು, ಗಣಿಯ ಮಾಡು ಕುಸಿದು ಬೆನ್ನುಹುರಿ ಮುರಿದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಗಂಡಸರು. ಮೈತುಂಬ ಹಾಸಿಗೆ ಹುಣ್ಣು. ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು ರೈಲಿಗೇರಿಸಿ, ದೇಶದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಾಗಿಸಿ ಪುನರ್ವಸತಿ ಕೇಂದ್ರಗಳಿಗೆ ಕಳಿಸಿದರು. ಅವುಗಳಲ್ಲಿ ವಲೇಹೊ ಒಂದು. ತುಂಡಾದ ಬೆನ್ನುಹುರಿಯನ್ನು ಯಾವ ವ್ಯಾಯಾಮವೂ ಕೂಡಿಸಲಾರದು. ಆದರೆ ತೋಳು, ಹೆಗಲು, ಹೊಟ್ಟೆಯಲ್ಲಿ ಉಳಿದ ಕಸುವನ್ನು ಕೂಡಿಸಿಕೊಂಡು ಹೊರಳುವುದು, ಕೂರುವುದು, ಗಾಲಿಕುರ್ಚಿಗೆ ತಾನೇ ದಾಟಿಕೊಳ್ಳುವುದು ಹಲವರಿಗೆ ಸಾಧ್ಯವಾಯಿತು. ಬಲವಿರುವ ಕಡೆ ಭಾರ ಹಾಕಿದರೆ ಸೋತ ಕಡೆಗೂ ಹರಿಯುತ್ತದೆ ಎಂಬ ಲೆಕ್ಕಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆಲ್ಲೂ ನಡೆದಿರಲಾರದು.

1953ರಲ್ಲಿ ಕ್ಯಾಬಟ್ ಮತ್ತು ನಾಟ್ ತಮ್ಮ ಪದ್ಧತಿಯನ್ನು ಫಿಸಿಯೋಥೆರಪಿ ಪತ್ರಿಕೆಯಲ್ಲಿ ಒಟ್ಟಾಗಿ ಪ್ರಕಟಿಸಿದರು. ಆ ದಶಕದ ಮೊದಲ ಭಾಗದಲ್ಲೇ ಕ್ಯಾಬಟ್ ಸಂಸ್ಥೆಯಿಂದ ಹೊರಬಿದ್ದರು, ಸಂಸ್ಥೆಯ ಹೆಸರಿನಿಂದ ಅವರ ಹೆಸರೂ ಹೋಯಿತು. ನಾಟ್ ಉಳಿದರು. ಅಷ್ಟರಲ್ಲಿ ಬಂದು ಸೇರಿದ ಡೊರೊಥಿ ವಾಸ್ ಬರೆಯುವ ಕೈ, ಕಲಿಸುವ ಕೈ. ಇಬ್ಬರೂ ಸೇರಿ 1956ರಲ್ಲಿ ಹೊರತಂದ ‘ಪ್ರೊಪ್ರಿಯೋಸೆಪ್ಟಿವ್ ನ್ಯೂರೋಮಸ್ಕ್ಯುಲರ್ ಫೆಸಿಲಿಟೇಷನ್’ (ಪಿಎನ್‌ಎಫ್) ಪುಸ್ತಕ, ಪುಟದಿಂದ ಪುಟಕ್ಕೆ ಹಿಡಿತಗಳ ಚಿತ್ರ, ಕೊಡಬೇಕಾದ ಆಜ್ಞೆ, ಕೆಲಸಕ್ಕೆ ಬರುವ ಸ್ನಾಯುಗಳ ಹೆಸರು ಎಲ್ಲವನ್ನೂ ಕಟ್ಟುನಿಟ್ಟಾಗಿ ಜೋಡಿಸಿ ಕೊಟ್ಟಿತು. ತಂತ್ರ ಕಂಡುಹಿಡಿದ ವೈದ್ಯರ ಹೆಸರು ಮುಖಪುಟದಲ್ಲಿ ಇರಲಿಲ್ಲ. ಅದು ಕೈಯಿಂದ ಮಾಡುವವರ ಪುಸ್ತಕ.

ಪುಸ್ತಕ ಬಂದ ಹೊತ್ತು ವಿಚಿತ್ರವಾದದ್ದು. ಅಮೆರಿಕದಲ್ಲಿ 1952ರ ಒಂದೇ ವರ್ಷ ಸುಮಾರು 58 ಸಾವಿರ ಮಂದಿಗೆ ಪೋಲಿಯೊ ತಗುಲಿತ್ತು. 1955ರ ಏಪ್ರಿಲ್ 12ರಂದು ಸಾಲ್ಕ್ ಲಸಿಕೆ ಫಲಕಾರಿ ಎಂಬ ಘೋಷಣೆ ಬಂತು, ಚರ್ಚುಗಳಲ್ಲಿ ಗಂಟೆ ಬಾರಿಸಿದರು. ಅಂದರೆ ಪೋಲಿಯೊದಲ್ಲಿ ಸೋತ ಕೈಕಾಲಿಗೆಂದು ಹದಗೊಂಡ ಪದ್ಧತಿ ಅಚ್ಚಾಗಿ ಹೊರಬರುವ ಒಂದು ವರ್ಷ ಮೊದಲೇ ಆ ರೋಗದ ಕಾಲ ಮುಗಿಯತೊಡಗಿತ್ತು. ಬೇರೆ ಎಷ್ಟೋ ಪೋಲಿಯೊ ಚಿಕಿತ್ಸೆಗಳು ಹಾಗೆಯೇ ಮರೆಗೆ ಸರಿದವು. ಕೆನ್ನಿಯ ಬಿಸಿಬಟ್ಟೆಯೂ ಹೋಯಿತು. ಪಿಎನ್‌ಎಫ್ ಉಳಿದದ್ದು, ಅದು ರೋಗದ ಹೆಸರಿಗೆ ಅಂಟಿಕೊಳ್ಳದೆ ಚಲನೆಯ ರೀತಿಗೆ ಅಂಟಿಕೊಂಡಿದ್ದರಿಂದ ಎಂದು ನನಗನ್ನಿಸುತ್ತದೆ. ಲಕ್ವ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು, ಕೀಲು ಬಿಗಿದವರು ಆ ಜಾಗಕ್ಕೆ ಬಂದರು. ಹಲವು ದೇಶಗಳ ಫಿಸಿಯೋಥೆರಪಿಸ್ಟರು ತಿಂಗಳುಗಟ್ಟಲೆ ವಲೇಹೊದಲ್ಲಿದ್ದು ನಾಟ್ ಅವರ ಕೈಕೆಳಗೆ ಕಲಿತರು. 1978ರಲ್ಲಿ ತೀರಿಕೊಳ್ಳುವವರೆಗೂ ಆಕೆ ಅಲ್ಲೇ ಇದ್ದರು. ಯಾರಿಗಾಗಿ ಇದೆಲ್ಲ ಶುರುವಾಯಿತೋ ಆ ಹೆನ್ರಿ ಜೂನಿಯರ್ 1961ರಲ್ಲಿ, ತನ್ನ ನಲವತ್ತನಾಲ್ಕನೇ ವಯಸ್ಸಿನ ಹೊತ್ತಿಗೆ ಕಣ್ಣು ಮುಚ್ಚಿದರು.

ಲಕ್ವದ ರೋಗಿಗಳ ವಿಷಯದಲ್ಲಿ ಮಾತ್ರ ಜಗಳ ಎದ್ದಿತು. ಲಂಡನ್‌ನಲ್ಲಿದ್ದ ಬರ್ಟಾ ಬೋಬಾತ್, ಬರ್ಲಿನ್‌ನಿಂದ ಓಡಿಬಂದ ಜಿಮ್ನಾಸ್ಟಿಕ್ ಶಿಕ್ಷಕಿ, ವೈದ್ಯರಾದ ಗಂಡ ಕಾರೆಲ್ ಜೊತೆ ಬೇರೆಯೇ ಪದ್ಧತಿ ಕಟ್ಟಿದ್ದರು. ಸೆಡೆತುಕೊಂಡ ಕೈಗೆ ತಡೆ ಒಡ್ಡಿ ಬಲ ಹಾಕಿಸಿದರೆ ಸೆಡೆತ ಇನ್ನಷ್ಟು ಏರುತ್ತದೆ, ಮೊದಲು ಅದನ್ನು ಶಮನ ಮಾಡಿ ಎಂಬುದು ಅವರ ವಾದ. ಬಲ ಹಾಕಿಸದೆ ಬಲ ಬರುವುದು ಹೇಗೆ ಎಂಬುದು ವಲೇಹೊದವರ ಪ್ರಶ್ನೆ. ದಶಕಗಳ ಕಾಲ ಫಿಸಿಯೋಥೆರಪಿ ಶಾಲೆಗಳು ಎರಡು ಮಠಗಳಾಗಿ ನಡೆದವು. ಲಕ್ವದ ರೋಗಿಗೆ ಬಲವರ್ಧನೆ ಮಾಡಿಸಿದರೆ ಸೆಡೆತ ಹೆಚ್ಚುತ್ತದೆ ಎಂಬ ಭಯಕ್ಕೆ ಆಧಾರ ಸಾಲದೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಹಾಗೆಂದು ಪಿಎನ್‌ಎಫ್ ಗೆದ್ದಿತೆಂದೂ ಹೇಳುವಂತಿಲ್ಲ. ಹೋಲಿಸಿ ನೋಡಿದಾಗ ಯಾವ ಮಠವೂ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಮೇಲೆಂದು ಕಾಣಲಿಲ್ಲ.

ಈ ನಡುವೆ ಬಿಗಿದು ಬಿಡುವ ತಂತ್ರಗಳ ಆ ಸಣ್ಣ ಕೋಣೆಯ ಬಾಗಿಲು ಮೈದಾನದ ಕಡೆಗೆ ತೆರೆದಿತ್ತು. 1962ರಲ್ಲಿ ಹರ್ಬರ್ಟ್ ಡಿವ್ರೀಸ್ ಎಂಬ ಅಮೆರಿಕದ ಸಂಶೋಧಕರು, ಜಿಗಿಜಿಗಿದು ಎಳೆಯುವ ಹಳೆಯ ಡ್ರಿಲ್‌ಗಿಂತ ಹಿಡಿದು ನಿಲ್ಲುವ ಎಳೆತ ಸುರಕ್ಷಿತ, ಫಲ ಎರಡರದೂ ಒಂದೇ ಎಂದು ತೋರಿಸಿದ್ದರು. ಸ್ಟ್ರೆಚಿಂಗ್ ಎಂಬುದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ವಿಷಯ ಎಂಬ ಭಾವನೆ ಕ್ರೀಡಾಲೋಕದಲ್ಲಿ ಮೂಡಿತು. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಹೆಸರಾದ ಲಾರೆನ್ಸ್ ಹೋಲ್ಟ್ ಮತ್ತು ಸಂಗಡಿಗರು 1970ರಲ್ಲಿ ಮೂರು ವಿಧಾನಗಳನ್ನು ಎದುರುಬದುರು ಇಟ್ಟರು. ಜಿಗಿತದ ಎಳೆತ, ನಿಧಾನದ ಎಳೆತ, ಮತ್ತು ಮೊದಲು ಬಿಗಿದು ಆಮೇಲೆ ಎದುರು ಸ್ನಾಯುವಿನಿಂದ ಎಳೆಸುವ ವಲೇಹೊ ವಂಶದ ವಿಧಾನ. ಮೂರನೆಯದು ಗೆದ್ದಿತು. 1972ರಲ್ಲಿ ತಾನಿಗಾವಾ ಎಂಬ ಫಿಸಿಯೋಥೆರಪಿಸ್ಟ್, ಕಾಲನ್ನು ಬರಿದೆ ಎತ್ತಿ ಎಳೆಯುವುದಕ್ಕಿಂತ ಹೋಲ್ಡ್-ರಿಲ್ಯಾಕ್ಸ್‌ನಿಂದ ತೊಡೆಯ ಹಿಂಭಾಗ ಹೆಚ್ಚು ಬಿಟ್ಟುಕೊಡುತ್ತದೆ ಎಂದು ವರದಿ ಮಾಡಿದರು. ಹೋಲ್ಟ್ ಇದನ್ನು ಆಟಗಾರರ ಭಾಷೆಯಲ್ಲಿ ಬರೆದು, ಕರ್ಣರೇಖೆ, ಆಜ್ಞೆ, ಹಿಡಿತದ ಶಾಸ್ತ್ರವನ್ನೆಲ್ಲ ಬಿಟ್ಟು, ಜೊತೆಗಾರನೊಬ್ಬ ಇದ್ದರೆ ಸಾಕು ಎನ್ನುವಷ್ಟು ಸರಳ ಮಾಡಿದರು.

ಮಾಡುವ ರೀತಿ ಹೀಗೆ. ಆಟಗಾರ ಅಂಗಾತ ಮಲಗುತ್ತಾನೆ. ಜೊತೆಗಾರ ಅವನ ನೇರ ಕಾಲನ್ನು ಎತ್ತಿ ಹಿಮ್ಮಡಿಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು, ತೊಡೆಯ ಹಿಂದೆ ಎಳೆತ ಹತ್ತಿದ ಕಡೆ ನಿಲ್ಲುತ್ತಾನೆ. ಮಲಗಿದವನು ಐದಾರು ಸೆಕೆಂಡು ಹಿಮ್ಮಡಿಯಿಂದ ಹೆಗಲನ್ನು ಕೆಳಕ್ಕೆ ಒತ್ತುತ್ತಾನೆ; ಹೆಗಲು ಜಗ್ಗುವುದಿಲ್ಲ. ಆಮೇಲೆ ಉಸಿರು ಬಿಟ್ಟು ಕಾಲು ಸಡಿಲಿಸುತ್ತಾನೆ. ಆಗ ಕಾಲು ಇನ್ನಷ್ಟು ಮೇಲೆ ಹೋಗುತ್ತದೆ, ಒಂದು ಕ್ಷಣ ಹಿಂದೆ ಆಗದು ಎಂದ ಜಾಗವನ್ನು ದಾಟಿ. ಮಾಡಿಸಿಕೊಂಡ ಯಾರಿಗೂ ಮೊದಲ ಸಲ ಅಚ್ಚರಿಯಾಗದೆ ಇರುವುದಿಲ್ಲ.

ಇದೇ ಉಪಾಯವನ್ನು ಬೇರೆ ದಾರಿಯಲ್ಲಿ ತಲುಪಿದವರೂ ಇದ್ದರು. ಅಮೆರಿಕದ ಟೆನೆಸೀ ರಾಜ್ಯದ ಆಸ್ಟಿಯೋಪಾಥ್ ಫ್ರೆಡ್ ಮಿಚೆಲ್, ಬೆನ್ನೆಲುಬು ಮತ್ತು ಸೊಂಟದ ಕೀಲು ಸಡಿಲಿಸಲು ರೋಗಿಯ ಸ್ನಾಯುಬಲವನ್ನೇ ಬಳಸುವ ವಿಧಾನವನ್ನು 1950ರ ದಶಕದಿಂದಲೇ ರೂಪಿಸುತ್ತಿದ್ದರು. ಅದು ‘ಮಸಲ್ ಎನರ್ಜಿ’ ಎಂದು ಹೆಸರಾಯಿತು. ಪ್ರಾಗ್ ನಗರದ ನರವೈದ್ಯ ಕಾರೆಲ್ ಲೆವಿಟ್ ಅದನ್ನು ಇನ್ನೂ ಮೃದುಮಾಡಿದರು. ಬೆರಳಿನಷ್ಟು ಒತ್ತಡ, ಹತ್ತು ಸೆಕೆಂಡಿನ ಆಸುಪಾಸು ಹಿಡಿತ, ಉಸಿರಿನ ಜೊತೆ ಬಿಡುವುದು; ಎಳೆಯುವ ಗೋಜೇ ಇಲ್ಲ, ಸ್ನಾಯು ತಾನೇ ಉದ್ದವಾಗಲು ಬಿಡುವುದು. 1984ರಲ್ಲಿ ಲೆವಿಟ್ ಮತ್ತು ಡೇವಿಡ್ ಸೈಮನ್ಸ್ 244 ರೋಗಿಗಳ ಮೇಲಿನ ಅನುಭವ ಪ್ರಕಟಿಸಿ, ಚಿಕಿತ್ಸೆ ಮಾಡಿದ ಸ್ನಾಯು ಗುಂಪುಗಳಲ್ಲಿ ನೂರಕ್ಕೆ 94ರಲ್ಲಿ ತಕ್ಷಣ ನೋವು ಇಳಿಯಿತು ಎಂದರು. ಹೋಲಿಕೆಗೆ ಬೇರೆ ಗುಂಪು ಇಲ್ಲದ ಲೆಕ್ಕವದು, ಹಾಗಾಗಿ ಅಂಕಿಗೆ ಮರುಳಾಗಬೇಕಿಲ್ಲ. ಸ್ವೀಡನ್‌ನಲ್ಲಿ ಯಾನ್ ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರು 12 ಫುಟ್‌ಬಾಲ್ ತಂಡಗಳ 180 ಆಟಗಾರರನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಗಾಯ ತಡೆಯುವ ಕಾರ್ಯಕ್ರಮ ಕೊಟ್ಟರು. 1983ರ ಅವರ ವರದಿಯ ಪ್ರಕಾರ ಆ ಭಾಗದಲ್ಲಿ ಗಾಯಗಳು ನೂರಕ್ಕೆ 75ರಷ್ಟು ಕಡಿಮೆ. ಬಿಗಿದು ಬಿಡುವ ಸ್ಟ್ರೆಚಿಂಗ್ ಆ ಕಾರ್ಯಕ್ರಮದಲ್ಲಿತ್ತು. ಕಾಲಿಗೆ ಟೇಪ್ ಸುತ್ತುವುದು, ಶಿನ್‌ಗಾರ್ಡ್, ಹಳೆಯ ಗಾಯ ಪೂರ್ತಿ ವಾಸಿಯಾಗುವವರೆಗೆ ಆಡಿಸದಿರುವುದು, ವೈದ್ಯರ ಉಸ್ತುವಾರಿ ಇವೂ ಇದ್ದವು. ಲೋಕ ನೆನಪಿಟ್ಟುಕೊಂಡದ್ದು ಸ್ಟ್ರೆಚಿಂಗನ್ನು.

ಇಷ್ಟೆಲ್ಲ ಹಬ್ಬಿದ ಪದ್ಧತಿಗೆ ಪಠ್ಯಪುಸ್ತಕಗಳು ಕೊಡುತ್ತಿದ್ದ ವಿವರಣೆ ಅಚ್ಚುಕಟ್ಟಾಗಿತ್ತು. ಸ್ನಾಯು ಮೂಳೆಗೆ ಕೂಡುವ ರಜ್ಜುವಿನಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಗುರುತಿಸಿದ್ದ ಸಂವೇದಕಗಳಿವೆ. ಸ್ನಾಯು ಬಲವಾಗಿ ಬಿಗಿದಾಗ ಅವು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ, ಬೆನ್ನುಹುರಿ ಸ್ನಾಯುವಿಗೆ ಸಡಿಲಾಗು ಎನ್ನುತ್ತದೆ, ಆ ಸಡಿಲದಲ್ಲಿ ಎಳೆತ ಸುಲಭ. ಎದುರು ಸ್ನಾಯು ಬಿಗಿಸಿದರೆ ಷೆರಿಂಗ್ಟನ್ ಹೇಳಿದ ಪರಸ್ಪರ ತಡೆಯೂ ಸೇರಿಕೊಳ್ಳುತ್ತದೆ. ಈ ಕಥೆಯನ್ನು ಯಾರೂ ಸ್ನಾಯುವಿಗೆ ತಂತಿ ಹಚ್ಚಿ ಸರಿಯಾಗಿ ಪರೀಕ್ಷಿಸಿರಲಿಲ್ಲ.

1980ರಲ್ಲಿ ಮಾರ್ಜೋರಿ ಮೂರ್ ಮತ್ತು ರಾಬರ್ಟ್ ಹಟ್ಟನ್ ಪರೀಕ್ಷಿಸಿದರು. 21 ಮಂದಿ ಮಹಿಳಾ ಜಿಮ್ನಾಸ್ಟ್‌ಗಳ ತೊಡೆಯ ಹಿಂಭಾಗಕ್ಕೆ ವಿದ್ಯುತ್‌ಗ್ರಾಹಕ ಅಂಟಿಸಿ ಮೂರು ವಿಧದ ಎಳೆತ ಮಾಡಿಸಿದರು. ಬಿಗಿದು, ಬಿಟ್ಟು, ಎದುರು ಸ್ನಾಯುವಿನಿಂದ ಎಳೆಸುವ ವಿಧಾನದಲ್ಲಿ ಕಾಲು ಹೆಚ್ಚು ಮೇಲೆ ಹೋಗುವ ಒಲವು ಕಂಡಿತು. ಆದರೆ ತೆರೆಯ ಮೇಲಿನ ಗೆರೆ ಉಲ್ಟಾ ಹೇಳುತ್ತಿತ್ತು. ಸಡಿಲಾಗಿರಬೇಕಾದ ಸ್ನಾಯು, ಬರಿದೆ ಹಿಡಿದು ನಿಲ್ಲುವ ಎಳೆತದಲ್ಲಿ ಇದ್ದದ್ದಕ್ಕಿಂತ ಹೆಚ್ಚು ವಿದ್ಯುತ್ ಚಟುವಟಿಕೆ ತೋರಿಸುತ್ತಿತ್ತು. ಅಂದರೆ ಸಡಿಲವಾದದ್ದರಿಂದ ಎಳೆದುಕೊಂಡಿತು ಎಂಬ ಮಾತು ನಿಲ್ಲುವುದಿಲ್ಲ. ಹಾರ್ವರ್ಡ್‌ನ ಹೌಕ್ ಮತ್ತು ಹೆನ್ನಮನ್ 1967ರಲ್ಲೇ ಗಾಲ್ಜಿ ಸಂವೇದಕಗಳು ತೀರ ಸಣ್ಣ ಬಲಕ್ಕೂ ಎಚ್ಚರಗೊಳ್ಳುತ್ತವೆ, ವಿಪರೀತ ಬಿಗಿತಕ್ಕೆ ಕಾದು ಕೂರುವ ಕಾವಲುಗಾರರಲ್ಲ ಎಂದು ತೋರಿಸಿದ್ದರು. ಬಿಗಿತದ ನಂತರ ನರದ ಪ್ರತಿಕ್ರಿಯೆ ಕುಗ್ಗುವುದು ನಿಜ. ಆದರೆ ಕೆಲವೇ ಸೆಕೆಂಡುಗಳಲ್ಲಿ ಅದು ಮೊದಲಿನ ಮಟ್ಟಕ್ಕೆ ಮರಳುತ್ತದೆ ಎಂದೂ ಗೊತ್ತಾಯಿತು. ಗೋರ್ಡನ್ ಚಾಮರ್ಸ್ 2004ರಲ್ಲಿ ಇವೆಲ್ಲವನ್ನೂ ಒಟ್ಟುಗೂಡಿಸಿ, ಹಳೆಯ ಪ್ರತಿವರ್ತನೆಯ ವಿವರಣೆಗೆ ಪುರಾವೆ ಇಲ್ಲ ಎಂದು ಬರೆದರು.

ಹಾಗಾದರೆ ಕಾಲು ಮೇಲೆ ಹೋಗುವುದು ಯಾಕೆ? ಕೋಪನ್‌ಹೇಗನ್‌ನಲ್ಲಿ ಪೀಟರ್ ಮ್ಯಾಗ್ನುಸನ್ ಗುಂಪು 1996ರಲ್ಲಿ ಯಂತ್ರದಿಂದ ಕಾಲನ್ನು ಎಳೆಸುತ್ತ, ಸ್ನಾಯು ಎಷ್ಟು ಬಲದಿಂದ ತಡೆಯುತ್ತದೆ ಎಂಬುದನ್ನೂ ಜೊತೆಗೇ ಅಳೆಯಿತು. ಒಂದೇ ಕೋನದಲ್ಲಿ ಹೋಲಿಸಿದಾಗ ಬಿಗಿದು ಬಿಟ್ಟ ಸ್ನಾಯುವಿನ ತಡೆ ಬೇರೆಯಾಗಿರಲಿಲ್ಲ. ಬೇರೆಯಾದದ್ದು ಮನುಷ್ಯ ‘ಸಾಕು’ ಎನ್ನುವ ಜಾಗ. ಮೊದಲು ಬಿಗಿದವರು ಹೆಚ್ಚಿನ ಎಳೆತವನ್ನು ತಾಳಿಕೊಳ್ಳಲು ಸಿದ್ಧರಿದ್ದರು. ತಾಳಿಕೆಯ ಈ ವಿವರಣೆಯೇ ಈಗ ಬಹುಮತದ್ದು. ರಜ್ಜುವಿನ ಗುಣದಲ್ಲಿ ಆಗುವ ಬದಲಾವಣೆಗೂ ಸ್ವಲ್ಪ ಪಾಲಿರಬಹುದೆಂದು ವಾದಿಸುವವರು ಇದ್ದಾರೆ. ಷೆರಿಂಗ್ಟನ್ ತಪ್ಪಿದರು ಎಂದು ಇದರಿಂದ ಅರ್ಥ ಮಾಡಿಕೊಳ್ಳುವುದು ಅನ್ಯಾಯ. ಅವರು ಕಂಡ ತಡೆಗಳು ಈಗಲೂ ನಿಜವೇ. ಮಿದುಳಿನ ಸಂಪರ್ಕ ಕಡಿದ ಬೆಕ್ಕಿನಲ್ಲಿ ಕಂಡದ್ದು, ಎಚ್ಚರವಿರುವ, ನೋವಿಗೆ ಅಂಜುವ, ಡಾಕ್ಟರನ್ನು ನಂಬುವ ಮನುಷ್ಯನ ತೊಡೆಗೂ ಹಾಗೆಯೇ ಅನ್ವಯಿಸುತ್ತದೆ ಎಂದುಕೊಂಡದ್ದು ನಂತರ ಬಂದವರು.

ಮೈದಾನದಲ್ಲೂ ಗಾಳಿ ತಿರುಗಿತು. 2000ದಲ್ಲಿ ಆಸ್ಟ್ರೇಲಿಯಾದ ಸೇನೆಗೆ ಸೇರಿದ 1538 ಹೊಸಬರ ಮೇಲೆ ನಡೆದ ಪ್ರಯೋಗದಲ್ಲಿ, ಕವಾಯತಿಗೆ ಮೊದಲು ಮಾಡುವ ಸಾಮಾನ್ಯ ಸ್ಟ್ರೆಚಿಂಗ್ ಗಾಯವನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ. 2005ರ ಇನ್ನೊಂದು ಅಧ್ಯಯನ, ಹಿಡಿದು ನಿಲ್ಲುವ ಎಳೆತವಾಗಲಿ ಪಿಎನ್‌ಎಫ್ ಆಗಲಿ, ಮಾಡಿದ ಕೂಡಲೇ ಅಳೆದರೆ ಸ್ನಾಯುವಿನ ಬಲ ಸ್ವಲ್ಪ ಕುಂದಿರುತ್ತದೆ ಎಂದಿತು. ಓಟಕ್ಕೆ ಮುಂಚೆ ಜೊತೆಗಾರನ ಹೆಗಲ ಮೇಲೆ ಕಾಲಿಡುವ ರೂಢಿ ಇಳಿಯಿತು, ಆಟ ಮುಗಿದ ಮೇಲಿನ ಹೊತ್ತಿಗೆ ಅದು ಸರಿಯಿತು. ಚಿಕಿತ್ಸೆಯ ಕೋಣೆಯಲ್ಲಿ ಮಾತ್ರ ಪದ್ಧತಿ ಉಳಿದುಕೊಂಡಿತು. ಕರ್ನಾಟಕದ ಯಾವ ಫಿಸಿಯೋಥೆರಪಿ ಕಾಲೇಜಿನ ವಿದ್ಯಾರ್ಥಿಯನ್ನು ಕೇಳಿದರೂ ಡಿ1, ಡಿ2 ಎಂದು ಕರ್ಣರೇಖೆಗಳ ಹೆಸರು ಬಾಯಿಪಾಠ ಒಪ್ಪಿಸುತ್ತಾರೆ. ನೈಸರ್ಗಿಕ ವೈರಸ್ಸಿನಿಂದ ಬರುವ ಪೋಲಿಯೊದ ಕೊನೆಯ ಪ್ರಕರಣ ಭಾರತದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಈ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹೊಸದಾಗಿ ಪೋಲಿಯೊ ತಗುಲಿದ ಮಗುವನ್ನು ಕಣ್ಣಾರೆ ನೋಡಿದವರಲ್ಲ. ಬಿಗಿದುಕೊಂಡ ಹೆಗಲಿನ ಸಕ್ಕರೆ ಕಾಯಿಲೆಯವರು, ಸ್ಕೂಟರಿನಿಂದ ಬಿದ್ದು ಮೊಣಕೈ ಪ್ಲಾಸ್ಟರ್ ಬಿಚ್ಚಿಸಿಕೊಂಡವರು, ಲಕ್ವದಿಂದ ಎದ್ದವರು ಅವರ ಮೇಜಿನ ಮೇಲೆ ಮಲಗುತ್ತಾರೆ.

ವಿವರಣೆ ಬಿದ್ದರೂ ಆ ಬೀಳುವಿಕೆಯಿಂದ ಅಭ್ಯಾಸಕ್ಕೆ ಒಂದು ಲಾಭವಾಯಿತು. ಗಾಲ್ಜಿಯ ಸಂವೇದಕ ಎಚ್ಚರಗೊಳ್ಳಬೇಕೆಂದರೆ ಶಕ್ತಿಯಿದ್ದಷ್ಟೂ ಒತ್ತಬೇಕು ಎಂದು ಹಿಂದೆ ಹೇಳುತ್ತಿದ್ದರು. ಗಾಯದ ಸ್ನಾಯುವಿಗೆ ಅದು ಅಪಾಯ, ವಯಸ್ಸಾದವರ ರಕ್ತದೊತ್ತಡಕ್ಕೂ ಒಳ್ಳೆಯದಲ್ಲ. 2004ರಲ್ಲಿ ಫೆಲಂಡ್ ಮತ್ತು ಮರಿನ್ ಮೂರು ಗುಂಪು ಮಾಡಿ, ಶಕ್ತಿಯ ನೂರಕ್ಕೆ 20, 60 ಮತ್ತು 100 ಭಾಗ ಹಾಕಿ ಒತ್ತಲು ಹೇಳಿದರು. ಕಾಲು ಮೇಲೇರಿದ್ದು ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಅಷ್ಟು. ‘ಜೋರಾಗಿ ತಳ್ಳಿ’ ಎನ್ನುತ್ತಿದ್ದ ಎಷ್ಟೋ ಚಿಕಿತ್ಸಕರು ಆಮೇಲಿನಿಂದ ‘ಸ್ವಲ್ಪವೇ ತಳ್ಳಿ’ ಎನ್ನತೊಡಗಿದರು.